ಮರೆವಿಗೆ ತಕ್ಕ ಪಂಪು

ದೋಣಿಯೊಳಕ್ಕೆ ನೀರು ತುಂಬಬೇಕು ಅಂದರು ದೇಚಮ್ಮ.
ವೈಂಡಿಂಗ್ ತಂತಿ ಕೆಳಗಿಟ್ಟೆ.
ಬಂಬೂ ಬಜಾರಿನ ಈ ಅಂಗಡಿಗೆ ಇಪ್ಪತ್ತಾರು ವರ್ಷದಿಂದ
ನೀರು ಹೊರಗೆ ಹಾಕಿ ಅಂತಲೇ ಬಂದವರು ಎಲ್ಲ:
ಬಾವಿಯಿಂದ, ಸಂಪಿನಿಂದ, ಪಾಯದ ಗುಂಡಿಯಿಂದ,
ಒಮ್ಮೆ ಟಾಕೀಸಿನ ನೆಲಮಾಳಿಗೆಯಿಂದ.
ತೂತು ಬಿದ್ದ ದೋಣಿ ಕಂಡಿದ್ದೆ. ದುಡ್ಡು ಕೊಟ್ಟು
ಮುಳುಗಿಸಿಕೊಳ್ಳುವ ದೋಣಿ ಇದೇ ಮೊದಲು.

ಮುಳುಗೋದಲ್ಲ, ಕೂರೋದು, ಅಂದರು.
ಒಂದು ಪಕ್ಕ ಭಾರವಾಗಿ ಕೂತರೆ
ಹಿಂದೆ ಅಲೆ ಏಳುತ್ತೆ, ಮುರಿಯದೆ ಉದ್ದಕ್ಕೂ ಬರುತ್ತೆ,
ಹುಡುಗರು ಹಗ್ಗ ಬಿಟ್ಟು ಅದರ ಮೇಲೆ ನಿಲ್ಲುತ್ತಾರೆ.
ವರುಣಾ ಕೆರೆಯಲ್ಲಿ ಅಲೆಯೇ?
ಎಮ್ಮೆ ಎದ್ದರೆ ಏಳುವಷ್ಟೇ ನನಗೆ ಗೊತ್ತಿದ್ದದ್ದು.

ಚೀಲ ಮೂರು. ಒಂದೊಂದಕ್ಕೆ ಮುನ್ನೂರೈವತ್ತು ಲೀಟರು.
ಬ್ಯಾಟರಿ ಹನ್ನೆರಡು ವೋಲ್ಟು,
ನಮ್ಮ ತ್ರೀ ಫೇಸ್ ದೈತ್ಯರ ಎದುರು ಹಸುಗೂಸು.
ಗಲ್ಲಾಪೆಟ್ಟಿಗೆ ಪಕ್ಕ ಎರಡು ಜಾತಿ ಪಂಪು ಇಟ್ಟೆ.

ಒಂದರ ಹೊಟ್ಟೆಯಲ್ಲಿ ರಬ್ಬರಿನ ಎಸಳು.
ಒಣಬಾಯಲ್ಲೂ ಹೀರಿ ತರುತ್ತದೆ,
ಸ್ವಿಚ್ಚು ತಿರುವಿದರೆ ತಂದದ್ದನ್ನೇ ಹಿಂದಕ್ಕೆ ಹಾಕುತ್ತದೆ;
ಒಳಕ್ಕೂ ಹೊರಕ್ಕೂ ಒಂದೇ ಆಳು.
ಆದರೆ ಮುಂಗೋಪಿ.
ಚೀಲ ಬರಿದಾದ ಮೇಲೂ ದುಡಿಸಿದರೆ
ಅರೆ ನಿಮಿಷದಲ್ಲಿ ನಾಲಗೆ ಸುಟ್ಟುಕೊಂಡು ಕೂರುತ್ತದೆ.
ಕರೆಂಟು ಬೇರೆ, ಇಪ್ಪತ್ತು ಆಂಪಿಯರು ನುಂಗುತ್ತದೆ.

ಇನ್ನೊಂದು ಬಡವರ ಮನೆಯದು. ಬರೀ ಚಕ್ರ.
ತಾನಾಗಿ ಹೀರಲಾರದು.
ಗಂಟಲಲ್ಲಿ ಒಂದು ಗುಟುಕು ಗಾಳಿ ಸಿಕ್ಕಿದರೂ
ಗುಂಯ್ ಅಂತ ನಿಂತಲ್ಲೇ ತಿರುಗುತ್ತದೆ,
ಚಿನಕುರಳಿಯ ನಮ್ಮ ಬಾವಿ ಪಂಪಿನ ಹಾಗೆ.
ಅದರ ಬಾಯಿಗೆ ಅವ್ವ ಮೊದಲು ಒಂದು ಕೊಡ ನೀರು ಹುಯ್ಯುತ್ತಿದ್ದಳು.
ಕೊಟ್ರೆ ಕೊಡ್ತದೆ ಕನ ಮಗ.

ಯಾವುದು ಒಳ್ಳೇದು? ಕೇಳಿದರು ದೇಚಮ್ಮ.
ನಾನು ಕೇಳಿದ್ದು ಸ್ವಿಚ್ಚಿನ ವಿಚಾರ:
ಅದು ಯಾರ ಕೈಲಿರುತ್ತೆ?
ಹುಡುಗರ ಕೈಲಿ. ಹದಿನೇಳು, ಹದಿನೆಂಟು.
ಹಾಡು ಜೋರಾಗಿ ಹಾಕ್ಕೊಂಡು.

ನನಗೂ ಹದಿನೇಳು. ರಾತ್ರಿ ಎರಡಕ್ಕೆ ಕರೆಂಟು.
ಸ್ಟಾರ್ಟರು ಒತ್ತಿ, ಬದುವಿನ ಮೇಲೆ ಸ್ವಲ್ಪ ಒರಗಿದೆ.
ಎಚ್ಚರಾದಾಗ ಬೆಳಗಾಗಿತ್ತು, ಬಾವಿ ತಳ ಕಂಡಿತ್ತು,
ಗಾಳಿ ಕುಡಿದು ಕುಡಿದು ಮೋಟಾರು
ವಾರ್ನಿಷು ಸುಟ್ಟ ವಾಸನೆಯಾಗಿತ್ತು.
ಅಪ್ಪ ಬೈಯಲಿಲ್ಲ. ಬಸ್ಸಿನ ಮೇಲೆ ಅದನ್ನು ಹೇರಿಸಿ
ಇದೇ ಅಂಗಡಿಗೆ ತಂದ, ರಿಪೇರಿಗೆ ಬಿಟ್ಟ,
ಪಕ್ಕದಲ್ಲಿ ನನ್ನನ್ನೂ ಬಿಟ್ಟ.
ಮೋಟಾರು ನಾಲ್ಕು ದಿನಕ್ಕೆ ಊರಿಗೆ ಹೋಯಿತು.

ಚಕ್ರದ್ದೇ ಇರಲಿ ಅಂದೆ. ಅದೂ ಸುಡುತ್ತೆ, ಆದರೆ ನಿಧಾನ,
ಒಂದು ಹಾಡು ಮುಗಿಯುವಷ್ಟು ಹೊತ್ತು ತಾಳಿಕೊಳ್ಳುತ್ತೆ.
ಚೀಲಕ್ಕೆ ಎರಡರಂತೆ ಆರು: ತುಂಬಲು ಬೇರೆ, ಖಾಲಿಗೆ ಬೇರೆ.
ತುಂಬುವವನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸಿದರೆ
ಕೊಡ ಹಿಡಿದು ಯಾರೂ ನಿಲ್ಲಬೇಕಿಲ್ಲ,
ಕೆರೆಯೇ ಬಾಯಿಗೆ ಹುಯ್ಯುತ್ತದೆ.
ಪೈಪನ್ನು ಒಂದು ಸುತ್ತು ಮೇಲೆತ್ತಿ ಇಳಿಸು ಅಂದೆ ಇದಾಯತನಿಗೆ,
ಇಲ್ಲದಿದ್ದರೆ ಆರಿಸಿದ ಮೇಲೂ ಕಳ್ಳನ ಹಾಗೆ ಹರಿಯುತ್ತೆ.
ದೋಣಿಯ ಹೊಟ್ಟೆಯಲ್ಲಿ ಮಲಗಿ ಅವನು ಎರಡು ದಿನ
ಕ್ಲಿಪ್ಪು ಬಿಗಿದ, ಮೊಣಕೈ ತರಚಿಕೊಂಡ.

ಭಾನುವಾರ ವರುಣಾ. ಏಳು ಗಂಟೆ, ಮಂಜಿನ್ನೂ ಎದ್ದಿರಲಿಲ್ಲ.
ಎಡಗಡೆ ಚೀಲ ಗಬ್ಬದ ಎಮ್ಮೆಯಂತೆ ಊದಿತು.
ದೋಣಿ ಒಂದು ಪಕ್ಕೆಗೆ ವಾಲಿತು, ತಾಂಬೂಲಕ್ಕೆ ಕೈ ನೀಡಿದ ಅಜ್ಜಿ.
ನೀರಿನೊಳಗೆ ನೀರಿಗೆ ಏನು ತೂಕ ಅಂದುಕೊಂಡಿದ್ದೆ;
ಕೆಳಕ್ಕೆ ಕೂತಷ್ಟೂ ಹಿಂದೆ ಎದ್ದಿತು, ಹಸಿರು ಗೋಡೆ,
ಅದರ ಮೇಲೊಬ್ಬ, ಮೊಣಕಾಲು ಮಡಿಸಿ,
ಹಗ್ಗ ಬಿಟ್ಟು, ಬರಿಗೈ.

ದಡಕ್ಕೆ ಬಂದು ಖಾಲಿ ಮಾಡಿದರು.
ಅಲೆಯಲ್ಲಿ ನಿಂತ ಕತೆ ಹೇಳುತ್ತ ಅವನು ಸ್ವಿಚ್ಚು ಮರೆತ.
ಚೀಲ ಚಪ್ಪಟೆ, ಪಂಪು ಗುಂಯ್ ಅನ್ನುತ್ತಿದೆ.
ದೇಚಮ್ಮ ನನ್ನ ಮುಖ ನೋಡಿದರು.
ತಾಳುತ್ತೆ, ಅಂದೆ.
ಕತೆ ಮುಗಿಯಲಿ ಅಂತ ಕಾದೆ.
ಆಮೇಲೆ ನಾನೇ ಹೋಗಿ ಆರಿಸಿದೆ.